ಹೊಳೆಯುವ ಪೈಪಿನ ಬಿಸಿ

ಲಾಂಡ್ರಿಯಲ್ಲಿ ನಮ್ಮಣ್ಣನಿಗೆ ಎಲ್ಲರೂ ಇಟ್ಟ ಹೆಸರು ಬಿಸಿಯಪ್ಪ. ಬಾಯ್ಲರ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಬೆಂದ ಜೀವ. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುವವಳು. ಹೊಸಬರಿಗೆಲ್ಲ ಅವನ ಪಾಠ ಒಂದೇ: ಉಗಿ ಪೈಪು ಒರೆಸುವ ಮೊದಲು ಹಿಂಗೈಯನ್ನು ಗೇಣು ದೂರದಲ್ಲಿ ಹಿಡಿ, ಕಾದಿದ್ದರೆ ಮುಟ್ಟದೆಯೇ ಚುರ್ರೆನ್ನುತ್ತದೆ. ಕಪ್ಪು ಹಿಡಿದ ಹಳೇ ಪೈಪುಗಳ ಮುಂದೆ ಆ ಪಾಠ ಒಮ್ಮೆಯೂ ತಪ್ಪಿರಲಿಲ್ಲ.

ಹೋದ ವರ್ಷ ಮಾಲೀಕರಿಗೆ ಷೋಕಿ ಹತ್ತಿತು. ಪೈಪುಗಳೆಲ್ಲ ಸ್ಟೀಲಿನವಾದವು, ಮುಖ ನೋಡಿಕೊಳ್ಳುವಷ್ಟು ಹೊಳಪು. ಅದೇ ತಿಂಗಳು ಅಣ್ಣನ ಮಗಳು ಕೆಲಸಕ್ಕೆ ಸೇರಿದಳು. ಎಂಟನೇ ದಿನ ಪೈಪು ಒರೆಸಲು ಹೋಗಿ ಅಂಗೈ ಸುಟ್ಟುಕೊಂಡಳು. ಅಯ್ಯೋ, ಆ ಕೈ ನೋಡಲಾಗಲಿಲ್ಲ! ಬೆರಳುಗಳು ಇವತ್ತಿಗೂ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ.

ಅಣ್ಣ ಆಸ್ಪತ್ರೆಯಲ್ಲೇ ಕೂಗಾಡಿದ. "ಹಿಂಗೈ ಹಿಡಿದು ನೋಡು ಅಂತ ಬಡ್ಕೊಂಡಿದ್ದೆನಲ್ಲೇ! ಕಿವಿ ಮೇಲೆ ಹಾಕ್ಕೊಂಡ್ಯಾ?"

ಹುಡುಗಿ ತುಟಿಪಿಟಿಕ್ಕೆನ್ನಲಿಲ್ಲ.

ಸುರಕ್ಷತಾ ಅಧಿಕಾರಿ ಬಿಸಿ ಅಳೆಯುವ ಗನ್ ಹಿಡಿದು ಬಂದ. ಪೈಪಿನೊಳಗೆ ಉಗಿ ಹರಿಸಿ ಅದಕ್ಕೆ ಗುರಿಯಿಟ್ಟ. ನಲವತ್ತೆರಡು ಡಿಗ್ರಿ. "ಇಷ್ಟಕ್ಕೆ ಕೈ ಸುಡುತ್ತೇನ್ರೀ? ಬೇರೆಲ್ಲೋ ಸುಟ್ಕೊಂಡು ಇಲ್ಲಿ ಕಥೆ ಕಟ್ತಿದ್ದಾಳೆ," ಎಂದ. ಹಾಗೆ ಬರೆದುಬಿಟ್ಟರೆ ಹುಡುಗಿಯ ಕೆಲಸವೂ ಹೋಯಿತು, ಮಾನವೂ ಹೋಯಿತು. ನನಗೆ ಮೈಯೆಲ್ಲ ಉರಿಯಿತು.

ಬಾಯ್ಲರ್ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ ಸುಮ್ಮನಿರಲಿಲ್ಲ. ಪೈಪಿಗೆ ಒಂದು ತುಂಡು ಕಪ್ಪು ಟೇಪು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, "ಈಗ ಇದರ ಮೇಲೆ ಹಿಡೀರಿ ಸಾರ್," ಎಂದ.

ನೂರ ಮೂವತ್ತೆಂಟು.

"ಹೊಳೆಯೋ ಲೋಹ ಎಷ್ಟೇ ಕಾದಿದ್ರೂ ಶಾಖ ಸೂಸೋದು ಕಮ್ಮಿ. ಕಪ್ಪು ಟೇಪು ಚೆನ್ನಾಗಿ ಸೂಸುತ್ತೆ. ಸೂಸಿದ್ದನ್ನ ಮಾತ್ರ ಈ ಗನ್ ಅಳೆಯೋದು. ದೂರದಿಂದ ನಮ್ಮ ಚರ್ಮಕ್ಕೂ ಅಷ್ಟೇ ಗೊತ್ತಾಗೋದು."

ಅಧಿಕಾರಿ ಬರೆಯತೊಡಗಿದ್ದ ಹಾಳೆಯನ್ನು ಹರಿದುಹಾಕಿದ. ತಪ್ಪಾಯಿತು ಎನ್ನಲಿಲ್ಲ, ಆ ಮಾತಿಗೆ ಅಂಥವರ ನಾಲಿಗೆ ಹೊರಳುವುದೇ ಇಲ್ಲ. ಗೆದ್ದೆವಲ್ಲ ಎಂದು ನಾನು ತಿರುಗಿದರೆ, ಅಣ್ಣ ಹೊಸ ಪೈಪಿನಿಂದ ಗೇಣು ದೂರದಲ್ಲಿ ಹಿಂಗೈ ಹಿಡಿದು ನಿಂತಿದ್ದ. ಎಷ್ಟು ಹೊತ್ತಾದರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

ಮನೆಗೆ ಬಂದವನೇ ಮಗಳ ಮುಂದೆ ಕೂತ. "ಹಿಂಗೈ ಹಿಡಿದು ನೋಡಿದ್ದೆಯೇನಮ್ಮ?"

"ನೋಡಿದ್ದೆ ಅಪ್ಪ. ಎರಡು ಸಲ."

"ಮತ್ತೆ ನಾನು ಅಷ್ಟು ಬೈದಾಗ ಯಾಕೆ ಬಾಯಿ ಬಿಡಲಿಲ್ಲ?"

"ನೀನು ಹೇಳಿಕೊಟ್ಟಿದ್ದಕ್ಕೇ ಸುಟ್ಟಿದ್ದು ಅಂತ, ಎಲ್ಲರ ಮುಂದೆ ಹ್ಯಾಗೆ ಹೇಳ್ಲಿ?"