ಗಂಗವ್ವನ ರೊಟ್ಟಿ

ಬಾದಾಮಿ ಬಸ್ಸಿಗೆ ಕಾಯುತ್ತ ಪಟ್ಟದಕಲ್ಲಿನ ಶಾಲೆಯ ಜಗಲಿಯಲ್ಲಿ ಕುಳಿತಿದ್ದೆ. ಮಲಪ್ರಭೆ ಮನೆಗಳಿಗೆ ನುಗ್ಗಿದ್ದರಿಂದ ಹೊಳೆದಂಡೆಯವರೆಲ್ಲ ಅಲ್ಲೇ ಇದ್ದರು. ಯುದ್ಧ ನಡೆದ ದೇಶಗಳಲ್ಲಿ ಹಸಿವಿನ ಸಮೀಕ್ಷೆ ಮಾಡಿ ಬಂದಿದ್ದ ತರುಣಿಯೊಬ್ಬಳು ಪರಿಹಾರದ ಪಟ್ಟಿ ಹಿಡಿದು ಮುದುಕಿ ಗಂಗವ್ವನನ್ನು ಕೇಳಿದಳು: "ಅಜ್ಜೀ, ನಿನ್ನೆ ಊಟ ಮಾಡಿದಿರಾ?" ಮಾಡಿದೆ ಎಂದವರಿಗೆ ಹಿಟ್ಟಿನ ಚೀಲವಿಲ್ಲ.

"ಆತ್ರಿ, ಭಾಳ ಆತು" ಎಂದಳು ಗಂಗವ್ವ. ಹೊಟ್ಟೆ ನೋಡಿದರೆ ಬೆನ್ನಿಗೆ ಹತ್ತಿತ್ತು.

ಇಳಕಲ್ ಸೀರೆ ಮಾರಿ ಬದುಕಿದ ನನಗೆ ಸುಮ್ಮನಿರಲಾಗಲಿಲ್ಲ. "ತಂಗೀ, ಊಟ ಆತೇನು ಅಂದ್ರ ನಮ್ಮ ಕಡಿ ಯಾರೂ ಇಲ್ಲ ಅನ್ನಂಗಿಲ್ಲ. ಯಾಪಾರದಾಗಿನಂಗ ಸುತ್ತುಬಳಸಿ ಕೇಳಬೇಕು, ನೋಡು" ಎಂದು ಅಜ್ಜಿಯತ್ತ ತಿರುಗಿದೆ. "ಯವ್ವಾ, ಹಸಿವ್ಯಾಗೇತಿ. ಒಂದು ರೊಟ್ಟಿ ಐತೇನು?" ಇಲ್ಲ ಎನ್ನುತ್ತಾಳೆ, ಚೀಲ ಸಿಗುತ್ತದೆ ಎಂದು ನನ್ನ ಲೆಕ್ಕ.

"ಮೊದಲ ಹೇಳಬಾರದೇನೋ, ಹುಚ್ಚಪ್ಪಾ!" ಎಂದು ಗಂಟು ಬಿಚ್ಚಿ, ಒಳಗಿದ್ದ ಒಂದೇ ಒಂದು ರೊಟ್ಟಿಯನ್ನು ನನ್ನ ಕೈಗಿಟ್ಟಳು.

"ಈಗ ಏನು ಬರೆಯಲಿ, ಹೇಳಿ?" ಎಂದಳು ತರುಣಿ.

ತಿಂದರೆ ಮುದುಕಿ ಉಪವಾಸ, ಮರಳಿಸಿದರೆ ಅವಳಿಗೆ ಅವಮಾನ. ಬಸ್ಸು ಬಂದು ನಿಂತಿತ್ತು. ಗಂಗವ್ವ ನನಗಾಗಿ ಚಟ್ನಿ ಬೇಡಲು ಪಕ್ಕದವರ ಕಡೆ ಆಗಲೇ ಎದ್ದುಹೋಗಿದ್ದಳು.