ಕೋಮಲಕ್ಕನಿಗೆಂದು ತಂದ ಬಾಟಲಿ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಸದಾ ಆರು ಬಾಟಲಿ ಕಿತ್ತಳೆ ಜ್ಯೂಸ್ ಇರುತ್ತಿತ್ತು. ಹೆಸರಿಗೆ ಕಿತ್ತಳೆ, ಒಳಗಿದ್ದದ್ದು ಸಕ್ಕರೆ, ಬಣ್ಣ ಮತ್ತು ಪರಿಮಳ. ಮನೆಯವರು ಅದನ್ನು ಮುಟ್ಟುವಂತಿರಲಿಲ್ಲ, ಅದು ‘ಹೊರಗಿನವರಿಗೆ’. ನಾನು ಅಜ್ಜಂಪುರದ ಈ ಮನೆಗೆ ಸೊಸೆಯಾಗಿ ಬಂದು ಎಂಟು ವರ್ಷವಾಯಿತು. ಹೊರಗಿನವರು ಎಂದರೆ ಯಾರೆಂದು ನನಗೆ ಮೊದಲ ವಾರವೇ ಅರ್ಥವಾಗಿತ್ತು. ಅರ್ಥವಾಗಿಯೂ ಬಾಯಿ ಬಿಡಲಿಲ್ಲ. ಆ ನಾಚಿಕೆ ಇಂದಿಗೂ ಇದೆ.

ಆ ಹೊರಗಿನವರಲ್ಲಿ ಒಬ್ಬರು ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಕೋಮಲಕ್ಕ. ಅವರ ತಾಯಿ ಜವರಮ್ಮ ಈರುಳ್ಳಿ ಹೊಲಗಳಲ್ಲಿ ಕೂಲಿ ಮಾಡಿದವರು. ಬಾಯಾರಿದರೆ ಹೊಲದ ಯಜಮಾನರ ಹಿತ್ತಲಲ್ಲಿ ಬೊಗಸೆ ಒಡ್ಡಬೇಕಿತ್ತು, ಮೇಲಿನಿಂದ ನೀರು ಹುಯ್ಯುತ್ತಿದ್ದರು. ತಂದೆ ಬೌದ್ಧ ದೀಕ್ಷೆ ತೆಗೆದುಕೊಂಡು ಮಗಳನ್ನು ಹಟ ಹಿಡಿದು ಓದಿಸಿದರು. ಶಾಲೆಯಲ್ಲಿ ಕೋಮಲಕ್ಕನಿಗೆ ಅಕ್ಷರ, ಮಗ್ಗಿ ಕಲಿಸಿದವರು ನನ್ನ ಮಾವ ಅನಂತಪದ್ಮನಾಭ ಮೇಷ್ಟ್ರು.

ಹದಿನೈದು ವರ್ಷದಿಂದ ಕೋಮಲಕ್ಕ ಗುಲಾಬಿ ಸೀರೆಯುಟ್ಟು ಮನೆ ಮನೆ ಸುತ್ತುತ್ತಾರೆ. ಚೀಲದಲ್ಲಿ ಸಕ್ಕರೆ ನೋಡುವ ಮೆಷಿನ್ನು, ಮನೆಯಿಂದ ತಂದ ಜೀರಿಗೆ ನೀರು. ನಾಲಿಗೆ ಮಾತ್ರ ಹಸಿಮೆಣಸಿನಕಾಯಿ. ಅಂಗಡಿಯ ಮುಂದೆ ಯಾರಾದರೂ ಮಗುವಿಗೆ ಬಣ್ಣದ ಜ್ಯೂಸ್ ಪೊಟ್ಟಣ ಕೊಡಿಸುತ್ತಿದ್ದರೆ ಸ್ಕೂಟಿ ನಿಲ್ಲಿಸಿಯೇ ಬೈಯುತ್ತಾರೆ.

“ಲೇ ಮಾರಮ್ಮ, ಇದ್ರ ಮೇಲೆ ಬರ್ದಿರೋದು ಓದೇ. ಬಣ್ಣಕ್ಕೊಂದು ನಂಬ್ರ, ಕೆಡದಂಗಿರಕ್ಕೊಂದು ನಂಬ್ರ. ನಿನ್ ಮಗ ಏನು ಗೋಡೆನಾ, ಬಣ್ಣ ಬಳಿಯಕ್ಕೆ? ಇದೇ ದುಡ್ಡಿಗೆ ಮೊಸ್ರು ತಗಂಡ್ರೆ ಮನೆಮಂದಿಗೆಲ್ಲ ಮಜ್ಜಿಗೆ ಆಗ್ತೈತೆ ಕಣೇ.”

ಬೈಸಿಕೊಂಡವರು ಮುನಿಸಿಕೊಂಡದ್ದೂ ಉಂಟು. ಆದರೂ ಕೋಮಲಕ್ಕನ ಕೇರಿಯಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳ ಕೈಗೆ ಈಗ ರಾಗಿ ಅಂಬಲಿ ಬರುತ್ತದೆ.

ಇಂಥವರಿಗೆ ನಮ್ಮತ್ತೆ ಶಾರದಾಂಬಾ ತಿಂಗಳಿಗೆರಡು ಸಲ ಕೊಡುತ್ತಿದ್ದದ್ದು ಆ ಕಿತ್ತಳೆ ಬಾಟಲಿ! ಸೀಲ್ ಆಗಿ ಬರುತ್ತದೆ, ಮನೆಯ ಲೋಟ ಬೇಕಿಲ್ಲ, ಕುಡಿದು ಎಸೆಯಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕೋಮಲಕ್ಕ “ಆಮೇಲೆ ಕುಡೀತೀನಿ” ಎಂದು ಅದನ್ನು ಜಗಲಿಯ ಮೇಲೆಯೇ ಬಿಟ್ಟು ಹೋಗುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಮಾವನ ಸಕ್ಕರೆ ಮುನ್ನೂರು ದಾಟಿತು. ಕಾಲಿನ ಹೆಬ್ಬೆರಳಿಗಾದ ಗಾಯ ಒಂದೂವರೆ ತಿಂಗಳಾದರೂ ಒಣಗಲಿಲ್ಲ. ಹೀಗೇ ಇದ್ದರೆ ಬೆರಳು ತೆಗೆಯಬೇಕಾದೀತು ಎಂದರು ತರೀಕೆರೆಯ ಡಾಕ್ಟರು. ಅನ್ನ ಅರ್ಧ ಮಾಡಿದೆವು, ಮಾತ್ರೆ ಒಂದು ಹೊತ್ತೂ ತಪ್ಪಿಸಲಿಲ್ಲ, ಅತ್ತೆ ಹರಕೆಯನ್ನೂ ಹೊತ್ತರು. ಸಕ್ಕರೆ ಕದಲಲಿಲ್ಲ.

ಒಂದು ದಿನ ಕೋಮಲಕ್ಕ ಗಾಯ ಒರೆಸಲು ನೆಲಕ್ಕೆ ಕೂತವರು ಮಂಚದ ಕೆಳಗೆ ಬಗ್ಗಿ ನೋಡಿ, ನಾಲ್ಕು ಖಾಲಿ ಬಾಟಲಿ ಹೊರಗೆಳೆದರು.

“ಮೇಷ್ಟ್ರೇ, ಇದನ್ನ ಯಾರು ಕುಡ್ದಿದ್ದು?”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದದ್ದು ಬಯಲಾಗಿತ್ತು. ಮಾವ ತಲೆ ತಗ್ಗಿಸಿದರು. “ನೀನು ಬಿಟ್ಟು ಹೋಗ್ತಿದ್ಯಲ್ಲಮ್ಮ, ಸುಮ್ನೆ ಹಾಳಾಗುತ್ತೆ ಅಂತ... ಆಮೇಲೆ ರುಚಿ ಹತ್ತಿಬಿಡ್ತು, ಫ್ರಿಜ್ಜಿಂದಾನೂ ತಗೊಳ್ತಿದ್ದೆ.”

“ಇವತ್ತಿಂದ ಫ್ರಿಜ್ಜಿಗೆ ಬೀಗ ಹಾಕ್ತೀನಿ!” ಎಂದರು ಅತ್ತೆ.

“ಬೀಗ ಬ್ಯಾಡ ಅಮ್ಮ, ತರೋದೇ ಬಿಡಿ,” ಕೋಮಲಕ್ಕ ಎದ್ದು ನಿಂತರು. “ಅದು ಈ ಮನೆಗೆ ಬರ್ತಿರೋದು ನನ್ ಹೆಸ್ರಲ್ಲಿ. ನನ್ ಹೆಸ್ರಲ್ಲಿ ತಂದಿದ್ದು ನಂಗೆ ಅಕ್ಷರ ಕಲಿಸಿದೋರ ಕಾಲು ತಿಂತಾ ಐತೆ. ನಂಗೆ ಬಾಯಾರಿದ್ರೆ ನಿಮ್ಮನೆ ಮಜ್ಜಿಗೆ ಸಾಕು.”

“ಮಜ್ಜಿಗೇನಾ? ಅದನ್ನ ಯಾವುದರಲ್ಲಿ...” ಅತ್ತೆ ಅರ್ಧಕ್ಕೇ ನಿಲ್ಲಿಸಿದರು.

“ನೀವು ಕುಡಿಯೋದ್ರಲ್ಲೇ ಅಮ್ಮ,” ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು.

ಎರಡು ದಿನ ಕಳೆದರೂ ಬಾಟಲಿಗಳು ಫ್ರಿಜ್ಜಿನಲ್ಲೇ ಇದ್ದವು. ಮೂರನೆಯ ದಿನ ನನಗೇ ತಡೆಯಲಾಗಲಿಲ್ಲ. “ಅತ್ತೆ, ಮಾವನ ಕೀವು ಒರೆಸಿದ್ದು ಕೋಮಲಕ್ಕನ ಕೈ. ಆ ಕೈ ಗಾಯಕ್ಕಾಗುತ್ತೆ, ಲೋಟಕ್ಕೆ ಆಗಲ್ವಾ?” ಎಂದುಬಿಟ್ಟೆ. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಅವರಿಗೆ ಎದುರಾಡಿದ್ದೆ. ಸಂಜೆ ಅತ್ತೆ ಉಳಿದ ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದು, ಬಣ್ಣ ಹಿಡಿದ ಕಲ್ಲನ್ನು ತಾವೇ ಕೂತು ಉಜ್ಜಿದರು.

ಹದಿನೈದು ದಿನ ಬಿಟ್ಟು ಕೋಮಲಕ್ಕ ಬಂದರು. ಸಕ್ಕರೆ ಇನ್ನೂರರ ಒಳಗೆ ಬಂದಿತ್ತು, ಗಾಯದ ಅಂಚು ಒಣಗತೊಡಗಿತ್ತು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ ತಂದರು. ತಂದದ್ದು ಮಾವನ ಹೆಸರು ಕೆತ್ತಿಸಿದ ಸ್ಟೀಲ್ ಲೋಟದಲ್ಲಿ.

ಕೋಮಲಕ್ಕ ಲೋಟವನ್ನು ತುಟಿಗಿಟ್ಟು ನಿಧಾನವಾಗಿ ಪೂರ್ತಿ ಕುಡಿದರು. ಕುಡಿದವರೇ ಎದ್ದು ಅಂಗಳದ ನಲ್ಲಿಯತ್ತ ನಡೆದರು, ತೊಳೆದಿಡಲು. ಇಂಥ ಮನೆಗಳಲ್ಲಿ ಹಾಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅತ್ತೆ ಹಿಂದೆಯೇ ಹೋಗಿ ಲೋಟ ಇಸಿದುಕೊಂಡರು. “ಇಲ್ಲಿ ಕೊಡೇ. ಮನೆಗೆ ಬಂದೋರು ಲೋಟ ತೊಳೀತಾರಾ?”

ಕೋಮಲಕ್ಕನ ಕಣ್ಣು ತುಂಬಿ ಬಂತು. ಅದನ್ನು ಮರೆಸಲು, ಬರಿಗಾಲಲ್ಲಿ ಓಡಾಡುತ್ತಾರೆಂದು ಮಾವನಿಗೆ ಚೆನ್ನಾಗಿ ಬೈದು ಸ್ಕೂಟಿ ಹತ್ತಿದರು.

ಮಧ್ಯಾಹ್ನ ಊಟದ ಕೊನೆಗೆ ಮಾವ ಮಜ್ಜಿಗೆ ಕೇಳಿದರು. ಅತ್ತೆ ಅದೇ ಲೋಟವನ್ನು ತುಂಬಿಸಿ ಅವರ ಎಲೆಯ ಪಕ್ಕ ಇಟ್ಟರು.