ದೊಡ್ಡಮ್ಮನ ಕೈಗುಣ

ಆ ಮನೆಗೆ ಬಂದು ಇಪ್ಪತ್ತಾರು ವರ್ಷವಾದರೂ ಬೀದಿಯವರ ಬಾಯಲ್ಲಿ ಅವಳು ಇನ್ನೂ ಚಿಕ್ಕ ಸೊಸೆಯೇ. ತಲೆ ಅರ್ಧ ನರೆಯಿತು, ಮಂಡಿನೋವು ಬಂತು, ಮಗಳನ್ನು ಮದುವೆ ಮಾಡಿ ಕಳಿಸಿದ್ದೂ ಆಯಿತು. ಚಿಕ್ಕತನ ಮಾತ್ರ ಹೋಗಲಿಲ್ಲ. ದೊಡ್ಡ ಸೊಸೆ, ಅಂದರೆ ಗಂಡನ ಅಣ್ಣನ ಹೆಂಡತಿ, ಇರುವವರೆಗೂ ಅದು ಹೋಗುವಂಥದ್ದಲ್ಲ. ಆಕೆಯನ್ನು ಇವಳು ಅಕ್ಕಾ ಎನ್ನುತ್ತಿದ್ದಳು. ಬೀದಿಯವರು ಕೈಗುಣದಮ್ಮ ಎನ್ನುತ್ತಿದ್ದರು.

ಕೈಗುಣವಂತೆ ಕೈಗುಣ! ಅದೂ ಕೋಳಿಮರಿ ಸಾಕುವುದರಲ್ಲಿ. ಬೇರೆ ಮನೆಗಳಲ್ಲಿ ಹತ್ತು ಮರಿ ಒಡೆದರೆ ತಿಂಗಳು ತುಂಬುವಷ್ಟರಲ್ಲಿ ಮೂರು ಉಳಿದರೆ ಹೆಚ್ಚು. ಅಕ್ಕನ ಹಿತ್ತಲಲ್ಲಿ ಹತ್ತಕ್ಕೆ ಒಂಬತ್ತು. ಚೀಲದ ಫೀಡಿಲ್ಲ, ಔಷಧಿಯಿಲ್ಲ. "ತಾಯಿಕೋಳಿಗೆ ಗೊತ್ತಿಲ್ಲದ್ದು ಡಾಕ್ಟರಿಗೆ ಗೊತ್ತಾ? ಹುಟ್ಟಿದ ಹಾಗೇ ಬೆಳೀಲಿ ಬಿಡ್ರೀ" ಎನ್ನುತ್ತಿದ್ದಳು ಅಕ್ಕ. ಜೋಲುಬಿದ್ದ ಮರಿಯನ್ನು ಯಾರಾದರೂ ಬುಟ್ಟಿಯಲ್ಲಿ ತಂದರೆ ಬೆನ್ನು ಸವರಿ, "ನಾಲ್ಕು ದಿನ ಇಲ್ಲೇ ಇರಲಿ" ಎನ್ನುವಳು. ಐದನೆಯ ದಿನ ಮರಿ ಚಿವ್‌ಚಿವ್ ಅನ್ನುತ್ತ ತನ್ನ ಮನೆಗೆ ಹೋಗುತ್ತಿತ್ತು.

ಆ ನಾಲ್ಕು ದಿನ ಏನು ನಡೆಯಿತು ಅಂತ ಒಂದು ನರಪಿಳ್ಳೆಯೂ ಕೇಳಲಿಲ್ಲ.

ಚಿಕ್ಕ ಸೊಸೆಯ ಅಪ್ಪ ದನದ ಆಸ್ಪತ್ರೆಯಲ್ಲಿ ಜವಾನ. ಸೂಜಿ ಕುದಿಸುತ್ತ, ಡಾಕ್ಟರ ಬೆನ್ನ ಹಿಂದೆ ನಿಂತು ಕಲಿತದ್ದನ್ನೆಲ್ಲ ಮಗಳಿಗೆ ಕಲಿಸಿದ್ದ. ಬರೀ ನುಚ್ಚು ತಿಂದ ಮರಿಯ ಕಾಲ್ಬೆರಳು ಒಳಕ್ಕೆ ಮುದುಡುತ್ತದೆ. ಹೆಚ್ಚಿದ ಸೊಪ್ಪು, ಬೇಯಿಸಿದ ಮೊಟ್ಟೆ, ಚಿಟಿಕೆ ಈಸ್ಟ್ ಕಲಸಿ ಬೇಗ ಕೊಟ್ಟರೆ ಬೆರಳು ಬಿಚ್ಚಿಕೊಳ್ಳುತ್ತದೆ. ಹಿಕ್ಕೆ ಅಂಟಿ ಹಿಂಭಾಗ ಮುಚ್ಚಿಹೋದರೆ ಬೆಚ್ಚನೆಯ ನೀರಲ್ಲಿ ಒರೆಸಬೇಕು, ಕೀಳಬಾರದು. ಎಲ್ಲಕ್ಕಿಂತ ಮೂರನೆಯ ವಾರ ಹುಷಾರು. ಮರಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತ ನಿಂತು, ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ರಕ್ತಭೇದಿ. ಕಾಲಡಿಯ ಒದ್ದೆ ಹೊಟ್ಟು ತೆಗೆದು, ಅದೇ ದಿನ ಕುಡಿಯುವ ನೀರಿಗೆ ಆಸ್ಪತ್ರೆಯ ಔಷಧಿಪುಡಿ ಹಾಕಬೇಕು. ನಾಳೆ ನೋಡೋಣ ಅಂದರೆ ನಾಳೆ ಗುಂಡಿ ತೋಡಬೇಕು.

ಮದುವೆಯಾದ ವರ್ಷವೇ ಅವಳು ಇದನ್ನು ಅಕ್ಕನಿಗೆ ಹೇಳಿದ್ದಳು. "ಜವಾನನ ಮಗಳು ನನಗೆ ಪಾಠ ಹೇಳೋಕೆ ಬಂದ್ಲು ನೋಡಿ" ಎಂದು ಅಕ್ಕ ನಕ್ಕದ್ದೇ ತಡ, ಇಡೀ ಮನೆ ನಕ್ಕಿತು. ಅವತ್ತೇ ಬಾಯಿಗೆ ಬೀಗ ಬಿತ್ತು. ಆದರೆ ಕಣ್ಣೆದುರು ಸಾಯುವ ಮರಿಯನ್ನು ನೋಡಿಕೊಂಡು ಕೂರಲು ಆಗಲಿಲ್ಲ. ಅಕ್ಕ ಏಳುವ ಮೊದಲೇ ಎದ್ದು ಹೊಟ್ಟು ಬದಲಿಸಿದಳು, ನೀರಿಗೆ ಪುಡಿ ಬೆರೆಸಿದಳು, ತನ್ನ ಪಾಲಿನ ಮೊಟ್ಟೆಯನ್ನು ಮರಿಗಳಿಗೆ ಹಾಕಿದಳು. ಹೆಸರು ಅಕ್ಕನಿಗೆ ಬಂತು. ಬರಲಿ ಬಿಡು, ಪಾಪ, ಮಕ್ಕಳಿಲ್ಲದವಳು, ಹೇಳಿಕೊಳ್ಳಲು ಇದೊಂದಾದರೂ ಇರಲಿ ಅಂದುಕೊಂಡಳು. ಅಯ್ಯೋ, ದೊಡ್ಡ ಧರ್ಮಾತ್ಮೆ!

ಇವಳ ಮಗಳು ಬೆಳೆದದ್ದು ಅಕ್ಕನ ಸೊಂಟದ ಮೇಲೆ, "ದೊಡ್ಡಮ್ಮನ ಕೈ ನೋಡೇ" ಎಂಬ ಮಾತು ಕೇಳಿಕೊಂಡೇ. ಮದುವೆಯಾಗಿ ಎರಡು ಬಸ್ಸು ಬದಲಿಸುವಷ್ಟು ದೂರ ಹೋದ ಮೇಲೆ, ತಾನೂ ಒಂದು ಕೈ ನೋಡುತ್ತೇನೆಂದು ಐದು ಹೇಂಟೆಗಳನ್ನು ಕಾವಿಗೆ ಕೂರಿಸಿ ಐವತ್ತೆರಡು ಮರಿ ಒಡೆಸಿದಳು. ಅವಳ ಅತ್ತೆ ಮೊದಲೇ ಮೂಗು ಮುರಿದಿದ್ದಳು. ಆ ಅತ್ತೆಯ ಮುಂದೆ ಗೆದ್ದು ತೋರಿಸಬೇಕಿತ್ತು ಹುಡುಗಿಗೆ.

ಹದಿನೇಳನೆಯ ದಿನ ಫೋನು ಬಂತು. ಬಂದದ್ದು ದೊಡ್ಡಮ್ಮನಿಗೆ.

"ಹಿಕ್ಕೇಲಿ ರಕ್ತ ಕಾಣ್ತಿದೆ ದೊಡ್ಡಮ್ಮಾ. ಬೆಳಗ್ಗೆ ನಾಲ್ಕು ಹೋದ್ವು."

"ಜೊಳ್ಳು ಉದುರುತ್ತೆ, ಗಟ್ಟಿ ಉಳಿಯುತ್ತೆ. ಹೆದರಬೇಡ ಕಂದಾ."

ಅಲ್ಲೇ ಸೊಪ್ಪು ಬಿಡಿಸುತ್ತಿದ್ದ ಚಿಕ್ಕ ಸೊಸೆಗೆ ಫೋನಿನ ಸ್ಪೀಕರಿನಲ್ಲಿ ಎಲ್ಲ ಕೇಳಿಸಿತು. ಫೋನಿಟ್ಟ ಕೂಡಲೇ ಅಕ್ಕನ ಕೈ ಹಿಡಿದಳು. "ಅಕ್ಕಾ, ಇಷ್ಟು ವರ್ಷ ನೀರಿಗೆ ಔಷಧಿ ಹಾಕಿದ್ದು ನಾನು. ಬೈಯಿರಿ, ಹೊಡೀರಿ. ಈಗ ಅವಳಿಗೆ ಅದನ್ನ ಹೇಳಿ. ನಾನು ಹೇಳಿದ್ರೆ ನಂಬಲ್ಲ ಅವಳು."

ಅಕ್ಕ ತಲೆಯೆತ್ತಲಿಲ್ಲ. "ನನಗೇನು ಕಣ್ಣಿಲ್ವಾ? ಖಾಲಿ ಪೊಟ್ಟಣ ನೀನು ಗೂಡಿನ ಹಿಂದೆ ಹೂತಿಡ್ತಿದ್ದೆ, ಕೋಳಿ ಕೆದಕಿ ತೆಗೀತಿದ್ವು. ಎಷ್ಟು ಸಲ ನಾನೇ ಒಲೆಗೆ ಹಾಕಿದ್ದೀನಿ."

"ಹಾಗಾದ್ರೆ ಹೇಳಿ ಅಕ್ಕಾ!"

"ಈ ವಯಸ್ಸಲ್ಲಿ ನಾನು ಸುಳ್ಳುಬುರುಕಿ ಅಂತ ಆ ಮಗು ಹತ್ರ ಹೇಳ್ಕೊಳ್ಳಲಾ? ಆಗಲ್ಲ ಕಣೆ. ಅವಳನ್ನ ಬಿಟ್ಟರೆ ನನಗ್ಯಾರಿದ್ದಾರೆ?"

ಚಿಕ್ಕ ಸೊಸೆ ಪುಡಿಯ ಪೊಟ್ಟಣ ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಮಗಳ ಮನೆ ತಲುಪುವಷ್ಟರಲ್ಲಿ ಇನ್ನೂ ಒಂಬತ್ತು ಮರಿ ಸತ್ತಿದ್ದವು. ನೇರವಾಗಿ ಹೇಳಬೇಕಿತ್ತು ತಾನೇ? ಇಪ್ಪತ್ತಾರು ವರ್ಷದ ಅಭ್ಯಾಸ ಬಿಡಬೇಕಲ್ಲ! ಮಗಳು ಅಡುಗೆಮನೆಗೆ ಹೋದದ್ದೇ ತಡ, ಕಳ್ಳಿಯ ಹಾಗೆ ನೀರಿನ ತಟ್ಟೆಗೆ ಪುಡಿ ಬೆರೆಸಿದಳು. ಬಾಗಿಲಲ್ಲಿ ಮಗಳ ಅತ್ತೆ ನಿಂತಿದ್ದಳು. ಕೂಗಿದಳು, ಮಗಳು ಓಡಿಬಂದಳು.

"ಏನಮ್ಮಾ ಹಾಕ್ದೆ ಅದಕ್ಕೆ?"

ಆಗ ಹೇಳಿದಳು, ಮೊದಲಿನಿಂದ ಕೊನೆಯವರೆಗೆ, ಅಳುತ್ತ. ಹೇಳುತ್ತ ಹೋದಂತೆ ಅವಳ ಕಿವಿಗೇ ಅದು ಕಟ್ಟುಕಥೆಯಂತೆ ಕೇಳಿಸಿತು. ಮಗಳು ದೊಡ್ಡಮ್ಮನಿಗೆ ಫೋನು ಹಚ್ಚಿ ಕೇಳಿದಳು. ಆ ಕಡೆಯಿಂದ ದೊಡ್ಡಮ್ಮ ಎಂದಳು, "ನಿಮ್ಮಮ್ಮನಿಗೆ ನಿನ್ನ ಚಿಂತೇಲಿ ತಲೆ ಕೆಟ್ಟಿದೆ. ಬೈಬೇಡ, ಪಾಪ."

ಮಗಳು ತಟ್ಟೆಯ ನೀರನ್ನು ಚರಂಡಿಗೆ ಚೆಲ್ಲಿದಳು. "ನನ್ನನ್ನ ಸಾಕಿದ ಕೈ ಮೇಲೆ ಇಷ್ಟು ಹೊಟ್ಟೆಕಿಚ್ಚಾ ಅಮ್ಮಾ ನಿನಗೆ? ಹೋಗು, ಕಡೇ ಬಸ್ಸಿದೆ."

ಐದು ದಿನದಲ್ಲಿ ಗೂಡು ಖಾಲಿಯಾಯಿತು. ಆರನೆಯ ದಿನ ಮಗಳ ಫೋನು ಬಂತು, ಈ ಸಲ ಅಮ್ಮನಿಗೆ. ಈಗಲಾದರೂ ನಂಬುತ್ತಾಳೆ, ಐವತ್ತೆರಡು ಜೀವ ಹೋದ ಮೇಲಾದರೂ ನಂಬುತ್ತಾಳೆ ಎಂದು ಚಿಕ್ಕ ಸೊಸೆ ಫೋನು ಎತ್ತಿಕೊಂಡಳು. ಮಗಳ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

"ದೊಡ್ಡಮ್ಮನದೇನೂ ತಪ್ಪಿಲ್ಲಮ್ಮಾ. ಅವರ ಕೈಗುಣ ನನಗೆ ಎಲ್ಲಿಂದ ಬರಬೇಕು? ಹುಟ್ಟಿದ್ದು ನಿನ್ನ ಹೊಟ್ಟೇಲಿ. ನಿನ್ನ ಕೈಯೇ ಬಂದಿದೆ ನನಗೆ."